ಮುಂದಿನ ಚಕ್ರದ ಕಳವು

ಬೆಳಗಿನ ಮೊದಲ ರೋಗಿ ಕುರ್ಚಿಯಲ್ಲಿ ಕೂತವನು ಬಾಯಿ ತೆರೆಯಲೇ ಇಲ್ಲ. ಹಲ್ಲಿನ ಡಾಕ್ಟರು ದೀಪ ಎಳೆದುಕೊಂಡು, ಪುಟ್ಟ ಕನ್ನಡಿ ಹಿಡಿದು ಕಾದರು. ಆತ ಟೋಪಿ ಹಿಂಡುತ್ತಲೇ ಇದ್ದ.

"ಹಲ್ಲಿಗೇನೂ ಆಗಿಲ್ಲ ಡಾಕ್ಟ್ರೇ. ಮಹಡಿ ಮೇಲಿನ ಅಮ್ಮನ್ನ ನೋಡ್ಬೇಕು. ಅಂಗಡೀಲಿ ನನ್ನನ್ನ ಕಳ್ಳ ಅಂದ್ಬಿಟ್ರು."

ಮಹಡಿ ಮೇಲಿನ ಅಮ್ಮ ಎಂದರೆ ತಕ್ಕಡಿಯಮ್ಮ. ತೂಕ-ಅಳತೆ ಇಲಾಖೆಯಲ್ಲಿದ್ದು, ಅಂಗಡಿ ಅಂಗಡಿ ಸುತ್ತಿ ಸುಳ್ಳು ತಕ್ಕಡಿಗಳನ್ನು ಹಿಡಿದು ನಿವೃತ್ತರಾದವರು. ಬಿಡಿಸಲಾಗದ ಗಂಟು ಬಿದ್ದಾಗ ಜನ ಪೊಲೀಸರಿಗಿಂತ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಕೆಳಗೆ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರು ಅಷ್ಟೂ ಪ್ರಕರಣಗಳಲ್ಲಿ ಅವರ ಬೆನ್ನಿಗಿದ್ದರು. ಪ್ರತಿಸಲವೂ ಮೊದಲು ತಪ್ಪು ಊಹಿಸುವುದು, ಆಮೇಲೆ ಬೆರಗಾಗಿ ನಿಲ್ಲುವುದು, ಇವೆರಡೂ ಡಾಕ್ಟರ ಪಾಲಿಗೆ ಬಂದ ಕೆಲಸ. ಅದರಲ್ಲಿ ಅವರಿಗೆ ಕಿಂಚಿತ್ತೂ ಬೇಸರವಿರಲಿಲ್ಲ.

ಡಾಕ್ಟರು ಅವನನ್ನು ಮಹಡಿಗೆ ಕರೆದೊಯ್ದರು. ಬಂದವನು ಬೀದಿಯ ಕೊನೆಯ ಸೈಕಲ್ ಅಂಗಡಿಯ ಮೆಕ್ಯಾನಿಕ್. ಗುಡ್ಡದ ಕಲ್ಲುದಾರಿಗಳಲ್ಲಿ ಓಡಾಡುವ ಪಶುವೈದ್ಯೆಯೊಬ್ಬರಿಗಾಗಿ ಅಲ್ಲಿ ಗ್ರಾವೆಲ್ ಬೈಕೊಂದು, ಅಂಥ ದಾರಿಗೆಂದೇ ಮಾಡಿದ ಸೈಕಲ್ಲು, ತಯಾರಾಗಿ ನಿಂತಿತ್ತು. ನಿನ್ನೆ ಸಂಜೆ ಶಟರ್ ಎಳೆಯುವಾಗ ಅವರೇ ಬಂದು ಅದರ ದಪ್ಪ ಟೈರು ತಟ್ಟಿ ಹೋಗಿದ್ದರು. ಇವತ್ತು ಬೆಳಗ್ಗೆ ನೋಡಿದರೆ ಮುಂದಿನ ಚಕ್ರ ಮಾಯ! ಆ ಜಾಗದಲ್ಲಿ ಅಂಗಡಿಯದೇ ಇನ್ನೊಂದು ಚಕ್ರ ಕೂತಿತ್ತು. ಅದರ ಟೈರು ಕೊಂಚ ಸಣ್ಣದು.

"ಬೀಗ ಒಡೆದಿಲ್ಲ ಅಮ್ಮಾ. ಶಟರ್ ಕೀ ಇರೋದು ಯಜಮಾನಿ ಅಕ್ಕನ ಹತ್ರ, ನನ್ನ ಹತ್ರ, ಅಷ್ಟೇ. ಸಂಜೆ ಒಳಗೆ ಚಕ್ರ ತಂದಿಡು, ಇಲ್ಲ ಕೀ ಕೊಟ್ಟು ಹೊರಡು ಅಂದ್ರು. ಮೀಸೆ ಬರೋಕೆ ಮುಂಚಿನಿಂದ ಅಲ್ಲೇ ಇದ್ದೀನಿ. ನಂಗೆ ಬೇರೆ ಜಾಗಾನೇ ಗೊತ್ತಿಲ್ಲ."

ತಕ್ಕಡಿಯಮ್ಮ ಕನ್ನಡಕ ಮೂಗಿಗೇರಿಸಿದರು. "ಕದ್ದು, ಬದಲಿ ಚಕ್ರಾನೂ ಹಾಕಿ ಹೋದ್ನಾ? ಇಷ್ಟು ಮರ್ಯಾದಸ್ಥ ಕಳ್ಳನ್ನ ನಾನು ನೋಡಿಲ್ಲಪ್ಪ. ಏಳಿ ಡಾಕ್ಟ್ರೇ. ಆ ಕನ್ನಡಿ ಜೇಬಲ್ಲೇ ಇರ್ಲಿ."

ಅಂಗಡಿ ಉದ್ದನೆಯ ಒಂದೇ ಕೋಣೆ. ಸೂರಿನಿಂದ ಚಕ್ರಗಳು ಇಳಿಬಿದ್ದಿದ್ದವು. ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಉಪಕರಣ. ಶಟರಿನ ಪಕ್ಕ ಬೀದಿಗೆ ತೆರೆದ ಗಾಜಿನ ಕಿಟಕಿ, ಹಿಂಬದಿಯಲ್ಲೊಂದು ಮರದ ಬಾಗಿಲು.

"ಈ ಬಾಗಿಲು?"

"ಮೇಲೆ ನಮ್ಮನೆಗೆ ಹೋಗೋ ಮೆಟ್ಟಿಲು," ಎಂದಳು ಯಜಮಾನಿ. ಅವಳ ಮುಖ ಬಿಗಿದುಕೊಂಡಿತ್ತು. "ಮನೆ ಕಡೆಯಿಂದ ಚಿಲಕ ಹಾಕಿತ್ತು. ಅಂಗಡಿಯಿಂದ ಆ ಕಡೆಗೆ ಯಾರೂ ದಾಟೋಕಾಗಲ್ಲ. ಮೇಲಿರೋದು ನಾನು, ನಮ್ಮಪ್ಪ. ಅಪ್ಪನಿಗೆ ಕಣ್ಣು ಹೋಗಿ ವರ್ಷಗಳಾದ್ವು, ಕೆಳಗೆ ಬರೋದೇ ಅಪರೂಪ. ಒಂದು ಮಾತು ಹೇಳ್ಬೇಕು ನಿಮಗೆ. ಬೆಳಗ್ಗೆ ಪಂಪು, ಚಕ್ರ ಬಿಚ್ಚೋ ಅಲನ್ ಕೀ, ಎಲ್ಲಾ ಅದರದರ ಮೊಳೆಗೇ ನೇತಾಡ್ತಿದ್ವು. ಇವನು ಒಂದು ದಿನಾನೂ ಹಾಗಿಟ್ಟವನಲ್ಲ. ಕದ್ದ ದಿನ ಶಿಸ್ತು ಬಂತು ನೋಡಿ!"

ಮೆಕ್ಯಾನಿಕ್ ತಲೆ ತಗ್ಗಿಸಿದ. ಪಾಪ, ಆ ಆರೋಪವಂತೂ ನಿಜವೇ ಆಗಿತ್ತು.

ತಕ್ಕಡಿಯಮ್ಮ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈಚಾಚಿದರು. ಡಾಕ್ಟರು ಕನ್ನಡಿ ಕೊಟ್ಟರು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳನ್ನು ಮೇಲೆ ಕೂಡಿಸುವ ಭಾಗವನ್ನು ಅಂಗಡಿಯವರು ಫೋರ್ಕಿನ ತಲೆ ಎನ್ನುತ್ತಿದ್ದರು. ಅದರ ಅಡಿಗೆ ಕನ್ನಡಿ ಹಿಡಿದು ಅವರು ಬಹಳ ಹೊತ್ತು ನೋಡಿದರು.

"ಹುಳುಕಿದೆಯಾ ನೋಡಿ ಡಾಕ್ಟ್ರೇ."

ಹೊಳೆಯುವ ಹೊಸ ಬಣ್ಣದ ಮೇಲೆ ಕಪ್ಪು ರಬ್ಬರಿನ ಗೀರೊಂದಿತ್ತು. ಇನ್ನೂ ಬೀದಿಯನ್ನೇ ಕಾಣದ ಬೈಕಿಗೆ ಆ ಗೀರು ಹೇಗೆ ಬಂತೆಂದು ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಪಶುವೈದ್ಯೆ ಬಂದರು. ಬೈಕ್ ಆರಿಸಿದ ದಿನದ ಮಾತನ್ನು ತಕ್ಕಡಿಯಮ್ಮ ಕೆದಕಿದರು.

"ಕಲ್ಲುದಾರಿಗೆ ದಪ್ಪ ಟೈರೂ ಬೇಕು, ಕೈ ನೋಯದ ಹಾಗೆ ಗುಂಡಿ ಸಿಕ್ಕಾಗ ಕುಗ್ಗೋ ಸಸ್ಪೆನ್ಶನ್ ಫೋರ್ಕೂ ಬೇಕು ಅಂದೆ. ಅವತ್ತು ಇವರಪ್ಪ ಇಲ್ಲೇ ಕೂತಿದ್ರು. ಈ ಫೋರ್ಕಿಗೆ ಇಷ್ಟು ದಪ್ಪ ಬೇಡಮ್ಮ, ಒಂದೋ ಟೈರು ಸ್ವಲ್ಪ ಸಣ್ಣದು ಮಾಡು, ಇಲ್ಲ ಸಸ್ಪೆನ್ಶನ್ ಆಸೆ ಬಿಡು ಅಂದ್ರು."

ಯಜಮಾನಿಯ ಕಿವಿ ಕೆಂಪಾಯಿತು. "ನಾನು ಅಳೆದೇ ಹಾಕಿದ್ದು. ಟೈರಿಗೂ ಫೋರ್ಕಿನ ತಲೆಗೂ ಮಧ್ಯೆ ಮೂರು ಬೆರಳು ಜಾಗ ಇತ್ತು. ಫೋರ್ಕ್ ಕುಗ್ಗೋದು ಅಷ್ಟಕ್ಕಿಂತ ಕಡಿಮೆ. ಗಿರಾಕಿ ಮುಂದೆ ಹಾಗಂದ್ರೆ ಹೆಂಗಿರುತ್ತೆ ಹೇಳಿ? ಕಣ್ಣಿಗೆ ಕಾಣದ್ದರ ಬಗ್ಗೆ ಮಾತಾಡ್ಬೇಡಿ ಅಪ್ಪಾ ಅಂದ್ಬಿಟ್ಟೆ."

ಅವತ್ತಿನಿಂದ ಅಪ್ಪ ಅಂಗಡಿಯ ಸುದ್ದಿ ಎತ್ತಿಲ್ಲ, ತಾನೂ ಎತ್ತಿಲ್ಲ ಎಂದು ಅವಳೇ ಮೆಲ್ಲಗೆ ಸೇರಿಸಿದಳು. ಇವತ್ತಿನ ಕಳವಿನ ಮಾತೂ ಅವರ ಕಿವಿಗೆ ಬಿದ್ದಿರಲಿಲ್ಲ.

ಕೊನೆಗೆ ಎದುರಿನ ಬೇಕರಿ. ಒಲೆಯ ಮುಂದೆ ಇಡೀ ರಾತ್ರಿ ಕಳೆಯುವ ಬೇಕರಿಯವರು ಹಿಟ್ಟಿನ ಕೈ ಒರೆಸಿಕೊಂಡರು. "ಆ ಕಿಟಕಿ ನನ್ನ ಕಣ್ಣೆದುರಿಗೇ ಇದೆ. ಶಟರ್ ಎದ್ದಿಲ್ಲ. ಒಳಗೆ ಟಾರ್ಚ್ ಕೂಡ ಮಿಣುಕಲಿಲ್ಲ. ಕಗ್ಗತ್ತಲು."

ಹೊರಗೆ ಬಂದೊಡನೆ ಡಾಕ್ಟರು ಪಿಸುಗುಟ್ಟಿದರು: "ನಂಗೆ ಆ ಬೇಕರಿಯವನ ಮೇಲೇ ಅನುಮಾನ."

"ಒಳ್ಳೇದಾಯ್ತು," ಎಂದರು ತಕ್ಕಡಿಯಮ್ಮ. "ಹಾಗಾದ್ರೆ ಅವನಲ್ಲ ಅಂತ ಗ್ಯಾರಂಟಿ. ಸಂಜೆ ಎಲ್ಲರನ್ನೂ ಅಂಗಡಿಗೆ ಕರೀರಿ. ಮೇಲಿರೋ ಹಿರಿಯರನ್ನೂ."

ಸಂಜೆ ಶಟರ್ ಎಳೆದು ದೀಪ ಹಾಕಿದರು. ಮೆಕ್ಯಾನಿಕ್ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಕಪ್ಪು ಕನ್ನಡಕದ ಹಿರಿಯರು ಮಗಳ ತೋಳು ಹಿಡಿದು ಇಳಿದು ಬಂದು ಸ್ಟೂಲಿನ ಮೇಲೆ ಕೂತರು. ಕೂತಲ್ಲಿಂದಲೇ ಮುಖ ಎತ್ತಿ ರಬ್ಬರಿನ, ಗ್ರೀಸಿನ ವಾಸನೆಯನ್ನು ಉಸಿರಿಗೆಳೆದುಕೊಂಡರು.

ತಕ್ಕಡಿಯಮ್ಮ ಶುರು ಮಾಡಿದರು. "ಮೊದಲ್ನೇದು, ಕಳ್ಳನಿಗೆ ಚಕ್ರ ಬೇಕಿದ್ರೆ ಕಿತ್ಕೊಂಡು ಓಡ್ತಾನೆ, ಬದಲಿ ಹಾಕ್ತಾ ಕೂರಲ್ಲ. ಹಾಕಿದವರಿಗೆ ಬೇಕಿದ್ದದ್ದು ದಪ್ಪ ಟೈರಲ್ಲ, ಅದು ಈ ಬೈಕಲ್ಲಿ ಇರಬಾರದು ಅನ್ನೋದು. ಎರಡ್ನೇದು, ಫೋರ್ಕಿನ ತಲೆ ಅಡಿಯಲ್ಲಿ ರಬ್ಬರ್ ಗೀರಿದೆ. ಸುಮ್ನೆ ನಿಂತ ಬೈಕಲ್ಲಿ ಟೈರು ಅಲ್ಲಿಗೆ ಮುಟ್ಟೋಕೆ ಸಾಧ್ಯವೇ ಇಲ್ಲ. ಯಾರೋ ಫೋರ್ಕನ್ನ ಎತ್ತಿ ಹಿಡಿದಿರೋ ಗಾಳೀನ ಪೂರ್ತಿ ಬಿಟ್ಟು, ಮೈಭಾರ ಹಾಕಿ ಅದುಮಿ, ಚಕ್ರ ತಿರುಗಿಸಿ ನೋಡಿದ್ದಾರೆ. ಇದು ಕಳ್ಳತನ ಅಲ್ಲ, ತಪಾಸಣೆ. ಜೀವಮಾನವೆಲ್ಲಾ ಅದನ್ನೇ ಮಾಡಿದವಳು ನಾನು, ಗುರುತು ಸಿಗಲ್ವಾ?"

"ಆದ್ರೆ ನಾನು ಅಳೆದಿದ್ದೆ," ಎಂದಳು ಯಜಮಾನಿ.

"ಟೈರು ಹಾಕಿದ ದಿನ ಅಳೆದ್ಯಮ್ಮ. ಅಗಲ ರಿಮ್ಮಿನ ಮೇಲೆ, ತುಂಬಿದ ಗಾಳಿಗೆ, ಹೊಸ ಟೈರು ದಿನ ಕಳೆದ ಹಾಗೆ ಹಿಗ್ಗುತ್ತೆ. ಫೋರ್ಕ್ ಪೂರ್ತಿ ಕುಗ್ಗಿದ ಮೇಲೆ ನಿನ್ನ ಮೂರು ಬೆರಳಲ್ಲಿ ಉಳಿಯೋ ಜಾಗ ಕೂದಲೆಳೆಯಷ್ಟು. ಆಮೇಲೆ ನೀನು ಇನ್ನೊಂದ್ಸಲ ಅಳೀಲಿಲ್ಲ."

ಯಜಮಾನಿ ಬಗ್ಗಿ ಫೋರ್ಕಿನ ತಲೆಯ ಅಡಿಯನ್ನು ಬೆರಳಿಂದ ಸವರಿ ನೋಡಿದಳು.

"ಮೂರ್ನೇದು ಚಿಲಕ. ಅಂಗಡಿಯಿಂದ ಮನೆಗೆ ದಾಟೋಕಾಗಲ್ಲ, ಸರಿ. ಮನೆಯಿಂದ ಅಂಗಡಿಗೆ ಇಳಿದು, ವಾಪಸ್ ಹತ್ತಿ ಚಿಲಕ ಹಾಕ್ಕೊಳ್ಳೋಕೆ ಯಾರ ಅಡ್ಡಿ? ನಾಲ್ಕನೇದು ಉಪಕರಣ. ಪ್ರತಿಯೊಂದನ್ನೂ ಅದರ ಮೊಳೆಗೇ ಹಾಕೋರು ಯಾರು? ಜಾಗ ತಪ್ಪಿದ್ರೆ ಮತ್ತೆ ಹುಡುಕೋಕಾಗದವರು. ಕೊನೇದು ಬೇಕರಿಯವರು ಕಂಡ ಕತ್ತಲು. ನಾವೆಲ್ಲಾ ಕತ್ತಲಲ್ಲಿ ಇಷ್ಟು ಕೆಲಸ ಹೆಂಗಾಯ್ತು ಅಂತ ತಲೆ ಕೆಡಿಸ್ಕೊಂಡ್ವಿ. ದೀಪದ ಅಗತ್ಯವೇ ಇಲ್ಲದವರೊಬ್ಬರು ಈ ಮನೇಲೇ ಇದ್ದಾರೆ."

ಹಿರಿಯರು ಎದ್ದು ನಿಂತರು.

"ಚಕ್ರ ನನ್ನ ಮಂಚದ ಕೆಳಗಿದೆ," ಎಂದರು. "ಇಳಿಜಾರಲ್ಲಿ ಒಂದು ಗುಂಡಿ ಸಿಕ್ಕಿ ಫೋರ್ಕ್ ಪೂರ್ತಿ ಕುಗ್ಗಿದ್ರೆ, ಆ ಚಕ್ರ ನಿಂತ್ಬಿಡುತ್ತೆ. ಆ ಹೆಣ್ಮಗಳ ಗತಿ? ಮಾತಾಡ್ಬೇಡಿ ಅಂದಿದ್ಳು ಮಗಳು. ಮಾತಾಡ್ಲಿಲ್ಲ, ಕೈಯಲ್ಲಿ ಮಾಡ್ದೆ. ಚಕ್ರ ಬದಲಾಗಿರೋದು ನೋಡಿ ಅವಳೇ ಅರ್ಥ ಮಾಡ್ಕೋತಾಳೆ ಅನ್ಕೊಂಡೆ." ಮೂಲೆಯಿಂದ ಬಂದ ಬಿಕ್ಕಿನ ಕಡೆಗೆ ಅವರ ಮುಖ ತಿರುಗಿತು. "ಯಾಕೋ ಅಳ್ತಿದ್ದೀಯ?"

"ನನ್ನನ್ನ ಕಳ್ಳ ಅಂದ್ರು ತಾತಾ."

"ಅಯ್ಯೋ ದೇವ್ರೇ! ನಂಗ್ಯಾರೂ ಹೇಳ್ಲಿಲ್ವಲ್ಲೋ..."

"ಅಮ್ಮಾ, ಇದೆಲ್ಲ ನಿಜವಾ?" ಎಂದರು ಪಶುವೈದ್ಯೆ. ಅವರ ದನಿಯಲ್ಲಿ ನಂಬಿಕೆಗಿಂತ ಅಳುಕೇ ಹೆಚ್ಚಿತ್ತು. "ಕಣ್ಣಿಲ್ಲದೆ ಇಷ್ಟೆಲ್ಲಾ..."

ತಕ್ಕಡಿಯಮ್ಮ ಮೇಲಿನಿಂದ ದಪ್ಪ ಚಕ್ರ ತರಿಸಿದರು. ಕಿಟಕಿಗೆ ಪರದೆ ಎಳೆದು ದೀಪ ಆರಿಸಿದರು.

ಡಾಕ್ಟರಿಗೆ ತಮ್ಮ ಕೈಯೇ ಕಾಣಲಿಲ್ಲ. ಹೆಜ್ಜೆ ಸಪ್ಪಳವೊಂದು ತಡವರಿಸದೆ ಗೋಡೆಗೆ ಹೋಗಿ ಬಂತು. ಅಲನ್ ಕೀ ತಿರುಗಿದ ಸದ್ದು. ಚಕ್ರವೊಂದು ನೆಲಕ್ಕೆ ಮೆಲ್ಲಗೆ ಒರಗಿತು, ಇನ್ನೊಂದು ಫೋರ್ಕಿಗೆ ಕೂತಿತು. ಆಮೇಲೆ ಸುಯ್ಯೆಂದು ಫೋರ್ಕಿನ ಗಾಳಿ ಹೊರಟಿತು. "ಬಾರೋ, ಹ್ಯಾಂಡಲ್ ಅದುಮು. ಗಟ್ಟಿಯಾಗಿ," ಎಂದರು ಹಿರಿಯರು. ಚಕ್ರ ತಿರುಗುವ ತೆಳ್ಳನೆಯ ಸದ್ದು ಕೋಣೆಯಲ್ಲಿ ಹರಡಿತು. ಮರುಗಳಿಗೆ ಕರ್ರೆಂದು ಉಜ್ಜಿ ತಟ್ಟನೆ ನಿಂತುಹೋಯಿತು.

ಕತ್ತಲಲ್ಲಿ ಪಶುವೈದ್ಯೆ ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

ದೀಪ ಹತ್ತಿತು. ಟೈರು ಫೋರ್ಕಿನ ತಲೆಗೆ ಕಚ್ಚಿಕೊಂಡಿತ್ತು. ಅಲನ್ ಕೀ ಆಗಲೇ ತನ್ನ ಮೊಳೆಯಲ್ಲಿತ್ತು, ಇನ್ನೂ ಸಣ್ಣಗೆ ತೂಗುತ್ತಿತ್ತು. ಎಷ್ಟೋ ವರ್ಷ ಬೆಳಕು ಚೆಲ್ಲುವ ದೀಪದ ಕೆಳಗೆ, ಕನ್ನಡಿ ಹಿಡಿದು ಕೆಲಸ ಮಾಡಿದವರು ಡಾಕ್ಟರು. ಇಂಥ ಕೈಯನ್ನು ಕಂಡಿರಲಿಲ್ಲ. ಅವರಿಗೆ ಕೈಮುಗಿಯಬೇಕೆನಿಸಿತು, ಮುಗಿದೂಬಿಟ್ಟರು. ಯಾರಿಗೆ ಮುಗಿದರೋ ಅವರಿಗೆ ಅದು ಕಾಣಲಿಲ್ಲ.

ಯಜಮಾನಿ ಮೊದಲು ಮೂಲೆಗೆ ಹೋದಳು. ಮೆಕ್ಯಾನಿಕ್ ಮುಷ್ಟಿ ಬಿಚ್ಚಿ ಕೀ ಚಾಚಿದ. ಅವಳು ಅವನ ಬೆರಳುಗಳನ್ನು ಮತ್ತೆ ಅದರ ಮೇಲೆ ಮಡಿಸಿದಳು.

"ತಪ್ಪಾಯ್ತು ಕಣೋ. ನಾಳೆ ಬೇಗ ಬಾ. ಶಟರ್ ನೀನೇ ತೆಗಿ."

ಪಶುವೈದ್ಯೆ ನೆಲಕ್ಕೊರಗಿದ್ದ ಚಕ್ರದ ಕಡೆ ಬೆರಳು ತೋರಿಸಿದರು. "ನಂಗೆ ಆ ಸಣ್ಣ ಟೈರೇ ಇರ್ಲಿ. ಎರಡು ಚಕ್ರಕ್ಕೂ."

ಯಜಮಾನಿ ತಾನೇ ಚಕ್ರ ಬದಲಿಸಿದಳು, ಗಾಳಿಯಿಲ್ಲದ ಫೋರ್ಕನ್ನು ಪೂರ್ತಿ ಅದುಮಿ ಹಿಡಿದಳು. ಆಮೇಲೆ ಬಹಳ ದಿನಗಳಿಂದ ಆಡದ ಮಾತು ಆಡಿದಳು.

"ಅಪ್ಪಾ, ಜಾಗ ಸಾಕಾ? ಸ್ವಲ್ಪ ನೋಡಿ ಹೇಳಿ."

ಹಿರಿಯರು ಬಗ್ಗಿ ಟೈರಿಗೂ ಫೋರ್ಕಿಗೂ ನಡುವೆ ಹೆಬ್ಬೆರಳು ಇಳಿಸಿದರು. ಮಗಳ ಕೈ ಹಿಡಿದು, ಅವಳ ಹೆಬ್ಬೆರಳನ್ನೂ ಅದೇ ಜಾಗಕ್ಕೆ ತಂದಿಟ್ಟರು. ಅವಳು ಕಣ್ಣು ಮುಚ್ಚಿಕೊಂಡಳು.

"ಈಗ ಕಾಣ್ತಾ?" ಎಂದರು ಅಪ್ಪ.

"ಕಾಣ್ತು ಅಪ್ಪಾ," ಎಂದಳು.