ಗೋಪುರದ ಮೇಸ್ತ್ರಿಯ ತಕರಾರು

ಎರಡನೇ ಭಾನುವಾರವೂ ಫಾದರ್ ಪೀಠದಿಂದ ಹೆಸರು ಓದಿದರು: ರೊಸೆಂಡೊ ಮತ್ತು ಎವುಲಾಲಿಯಾ. ಮೂರು ಭಾನುವಾರ ಹೀಗೆ ಓದಿ, ಯಾರ ತಕರಾರೂ ಬರದಿದ್ದರೆ ಮದುವೆ.

"ತಕರಾರಿದೆ ಫಾದರ್," ಎನ್ನುತ್ತ ರೊಸೆಂಡೊನ ತಾಯಿ ಪೆತ್ರಾ ಎದ್ದಳು. "ನಂದಲ್ಲ. ಗೋಪುರದ ಮೇಸ್ತ್ರೀದು."

ಯಾರೂ ನಗಲಿಲ್ಲ. ಸಾಂತಾ ರುಫಿನಾ ಚರ್ಚಿನ ಪೂರ್ವದ ಗೋಪುರ ಅರ್ಧಕ್ಕೇ ನಿಂತು ಇನ್ನೂರು ವರ್ಷವಾಗಿತ್ತು. ಕಟ್ಟುತ್ತಿದ್ದ ಮೇಸ್ತ್ರಿ ತನ್ನ ಮದುವೆಗೆ ಮೂರು ದಿನವಿರುವಾಗ ಅಲ್ಲಿಂದ ಬಿದ್ದು ಸತ್ತಿದ್ದ. ಆ ಗೋಡೆ ಮುಟ್ಟಿದ ಹೆಣ್ಣು ಅವನ ಪಾಲು ಎಂದು ಮರಳುಗಾಡಿನ ಆ ಊರು ನಂಬಿತ್ತು. ಎವುಲಾಲಿಯಾ ಬರೀ ಮುಟ್ಟಿರಲಿಲ್ಲ. ಗೋಪುರದ ದುರಸ್ತಿಗೆ ಇಳಿದಿದ್ದ ಗಾರೆಯವ ಅಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ಚಳಿಗಾಲವಿಡೀ ತಾನೇ ಹತ್ತಿ ಗಾರೆ ಬಳಿದಿದ್ದಳು. ಗಾರೆಗೆ ಬೆರೆಸುವ ಕಳ್ಳಿಯ ಲೋಳೆಯನ್ನು ಹೊತ್ತು ತರುತ್ತಿದ್ದವನು ರೊಸೆಂಡೊ. ಬಕೆಟ್ ಹಿಡಿದವನು ಕೊಡುವುದನ್ನೇ ಮರೆತು ನಿಂತುಬಿಡುತ್ತಿದ್ದ.

"ಲೋಳೆ ಕೊಡೋಕೆ ಬಂದ್ಯೋ, ನನ್ನ ನೋಡೋಕೆ ಬಂದ್ಯೋ?"

"ಎರಡಕ್ಕೂ ಒಂದೇ ಕೂಲಿ."

ಅವಳು ಅವನ ಮೂಗಿಗೆ ಸುಣ್ಣ ಚಿಮ್ಮಿಸಿದ್ದಳು. ಅವನು ಸಂಜೆಯವರೆಗೂ ಒರೆಸಿಕೊಂಡಿರಲಿಲ್ಲ.

ಈಗ ಅದೇ ರೊಸೆಂಡೊ ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅದನ್ನು ನೋಡಿಯೇ ಪೆತ್ರಾಳ ಪಕ್ಕದಲ್ಲಿದ್ದ ಎವುಲಾಲಿಯಾ ಎದ್ದಳು.

"ಅತ್ತೆ, ತಕರಾರು ಆ ಮೇಸ್ತ್ರೀದಾದ್ರೆ ಅವನೇ ಬಂದು ಹೇಳ್ಲಿ."

"ಬಾಯಿ ಮುಚ್ಚೇ! ವರ್ಷದೊಳಗೆ ನನ್ ಮಗನ್ನ ಕರ್ಕೊಂಡು ಹೋಗ್ತಾನೆ ಅವನು!"

"ನಾಲ್ಕು ತಿಂಗಳು ಅವನ ಗೋಪುರದಲ್ಲೇ ಇದ್ದೆ. ಒಂದಿನಾನೂ ಬಂದು ನನ್ನ ಏಣಿ ಹಿಡ್ಕೊಳ್ಲಿಲ್ಲ ಅವನು. ಅಂಥಾ ಗಂಡ ನಂಗೆ ಬೇಡ."

ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಗೋಪುರದ ಕಡೆಯಿಂದ ಟಕ್ ಎಂದಿತು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಎವುಲಾಲಿಯಾ ಕೂರಲಿಲ್ಲ. ಕಣ್ಣು ಸದ್ದಿನ ಕಡೆಗೂ ಹೋಗಲಿಲ್ಲ. ರೊಸೆಂಡೊನ ಮೇಲೆಯೇ ನೆಟ್ಟಿತ್ತು.

"ಸತ್ತೋನು ಮಾತಾಡ್ತಾನೋ ಇಲ್ವೋ ನಂಗೊತ್ತಿಲ್ಲ ಕಣೋ. ಬದುಕಿರೋನು ಬಾಯಿ ಬಿಡದಿದ್ರೆ ಇವತ್ತೇ ನನ್ನ ಹೆಸರು ವಾಪಸ್ ತಗೋತೀನಿ."

ರೊಸೆಂಡೊ ಎದ್ದ. ಆ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಪೂಜೆಯ ನಡುವೆ ಯಾರೂ ಆ ಕಡೆ ದಾಟಿದವರಿಲ್ಲ. ಅವನು ದಾಟಿದ. ತಾಯಿಯ ಮುಂದೆ ನಿಂತು ಅವಳ ಕೈಗೆ ಮುತ್ತಿಟ್ಟ.

"ಅಮ್ಮಾ, ಸಾಯೋದೇ ಆದ್ರೆ ಇವಳ ಗಂಡನಾಗೇ ಸಾಯ್ತೀನಿ. ಸ್ವಲ್ಪ ಸರ್ಕೋ, ಕೂರ್ಬೇಕು."

ಪೆತ್ರಾ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಸ್ಕರ್ಟು ಎಳೆದುಕೊಂಡು ಕೂತು, ಒಂದೇ ಒಂದು ಗೇಣು ಸರಿದಳು. ಅವನು ಅಷ್ಟರಲ್ಲೇ ತೂರಿ ಕೂತು, ಎವುಲಾಲಿಯಾಳ ಸುಣ್ಣ ಕಚ್ಚಿದ ಒರಟು ಕೈಯನ್ನು ಎಲ್ಲರೆದುರೇ ಹಿಡಿದ.

ಫಾದರ್ ಕೆಮ್ಮಿದರು. "ಬೇರೆ ತಕರಾರು?"

ಎವುಲಾಲಿಯಾ ತಲೆಯೆತ್ತಿ ಗೋಪುರದ ಕಡೆ ನೋಡಿದಳು. ನ್ಯಾಯವಾಗಿ, ಪೂರ್ತಿ ಒಂದು ನಿಮಿಷ ಕಾದಳು.

"ಏನೂ ಇಲ್ವಂತೆ ಫಾದರ್. ಮುಂದೆ ಓದಿ."