ಖಾಲಿ ಬಿಟ್ಟ ಸೀಮೆ

ನಕಾಶೆಯಲ್ಲಿದ್ದ ಸೀಮೆಯೊಂದರ ಹಳೆಯ ಹೆಸರಿನ ಕೊನೆಯ ಅಕ್ಷರವನ್ನೂ ಬ್ಲೇಡಿನ ತುದಿಯಿಂದ ಕೆರೆದು, ಅವನು ಬಿಳಿ ಪುಡಿಯನ್ನು ಊದಿದ. ನಕಾಶೆ ಕಚೇರಿಗೆ ಹೊಸಬ.

"ಹೊಸ ಹೆಸರು ಬರೆದೇ ಮೇಲೇಳಪ್ಪ," ಎಂದರು ಪಕ್ಕದ ಮೇಜಿನ ಹಿರಿಯರು. "ಗಡಿಕಲ್ಲು ನೆಡುವಾಗಲೇ ಮಾಟ ಮಾಡಿಸಿದ ಸೀಮೆ ಅದು. ಖಾಲಿ ಬಿಟ್ರೆ, ಕೆರೆದವನ ಮನೆಯಿಂದಲೇ ಹೆಸರು ಎತ್ಕೊಳ್ಳತ್ತೆ."

"ಒಂದೆರಡು ತಗೊಳ್ಳಲಿ ಬಿಡಿ ಸಾರ್, ನಮ್ಮನೇಲಿ ಬೇಕಾದಷ್ಟಿವೆ!"

ಸುಂಕ ಎತ್ತಲೆಂದು ಯಾವನೋ ರಾಜ ಕತ್ತರಿಸಿದ್ದ ಸೀಮೆ. ರಾಜ ಹೋದ, ಸುಂಕ ಹೋಯಿತು. ಹೆಸರು ಮಾತ್ರ ಜನರ ಬಾಯಲ್ಲಿ, ಅಲ್ಲಿಯ ಎತ್ತು ಕಂಬಳಿಗಳಿಗೆ ಅಂಟಿಕೊಂಡು ಉಳಿದಿತ್ತು. ನಿಬ್ಬು ತೊಳೆಯುವ ಬೇಸರಕ್ಕೆ ಅವನು ಹಾಳೆಯನ್ನು ಖಾಲಿಯಾಗಿಯೇ ಅಚ್ಚಿಗೆ ಕಳಿಸಿಬಿಟ್ಟ.

ಮನೆಯಲ್ಲಿ ಒದ್ದೆ ಕಲ್ಲಿನ ವಾಸನೆ. ಅವನನ್ನು ಸಾಕಿದ ಅಕ್ಕ, ತನ್ನ ಅವಳಿ ಹೆಣ್ಣುಮಕ್ಕಳನ್ನು ಊಟಕ್ಕೆ ಕರೆಯಲು ಬಾಯಿ ತೆರೆದಳು. ಹೆಸರು ಬರಲಿಲ್ಲ.

"ಏ... ಇವಳೇ... ನನ್ನ ತಲೆಗೇನಾಯ್ತೋ ತಮ್ಮಾ!" ಎಂದು ನಕ್ಕಳು.

ಅವನೂ ನಗಲು ಹೋದ. ನಾಲಿಗೆ ತಡವರಿಸಿತು. ಅವನಿಗೂ ಹೆಸರು ನೆನಪಿರಲಿಲ್ಲ. ಗೋಡೆಯೊಳಗೆಲ್ಲೋ ಬ್ಲೇಡು ಕೆರೆಯುವ ಸದ್ದು.

ಮರುದಿನ ಕಚೇರಿಯಲ್ಲಿ ವಿಷಯ ಕೇಳಿ ಹಿರಿಯರು ತಲೆ ಹಿಡಿದುಕೊಂಡರು. "'ಖಾಲಿ ಬಿಟ್ಟವನು ನಾನೇ, ಹಳೇ ಹೆಸರೇ ಹಾಕಿ' ಅಂತ ದೊಡ್ಡ ಕಚೇರಿಗೆ ಬರಿ. ನೀನೇ ಬರೆದು ಕಳಿಸ್ಬೇಕು. ಬೇಗ."

ಬರೆದ. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾಳೆ ಅಂಚೆಗೆ ಹಾಕೋಣವೆಂದು ಲಕೋಟೆಯನ್ನು ಜೇಬಿನಲ್ಲಿಟ್ಟ. ನಾಳೆ ಮತ್ತೆ ನಾಳೆಯಾಯಿತು. ಅಕ್ಕ ಬಡಿಸುವಾಗ ಅವಳ ಮುಖ ನೋಡಲಾರದೆ ತಟ್ಟೆ ನೋಡುತ್ತಿದ್ದ. ಆದರೂ ಹಾಕಲಿಲ್ಲ.

ಒಂದು ಬೆಳಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪುಟ್ಟ ಚಪ್ಪಲಿಗಳು. "ಇದು ಯಾರದೋ? ನಮಗಿರೋದು ಒಂದೇ ಮಗು ಅಲ್ವಾ?"

ಹೌದು, ಒಂದೇ. ಹೌದೇ? ಒಳಗೆ ಹಾಸಿಗೆ ಎರಡಿದ್ದವು. ಒಂದರ ಮೇಲೆ ಮಗು ಕೂತಿತ್ತು. ಇನ್ನೊಂದರ ದಿಂಬಿನಲ್ಲಿ ತಲೆಯಿಟ್ಟ ತಗ್ಗು. ಮುಟ್ಟಿದ. ಬೆಚ್ಚಗಿತ್ತು. ಬೆರಳಿಗೆ ಬಿಳಿ ಪುಡಿ ಹತ್ತಿತು.

"ಮಾಮಾ, ಅವಳೆಲ್ಲಿ?"

"ಯಾರು ಕಂದಾ?"

ಮಗು ಬಾಯಿ ತೆರೆಯಿತು. ಹೆಸರು ಬರಲಿಲ್ಲ. ಅದರ ತುಟಿಯಂಚು ಸವೆದ ಕಾಗದದಂತೆ ಬಿಳಿಚುತ್ತಿತ್ತು. ಕೆರೆತ. ಹತ್ತಿರ. ಇನ್ನೂ ಹತ್ತಿರ.

ಓಡಿದ. ಬರಿಗಾಲು. ಬೀದಿಯ ತಿರುವು. ಅಂಚೆ ಡಬ್ಬ. ಜೇಬಿಗೆ ಕೈ ಹಾಕಿದ. ತಳ್ಳಿದ. ಲಕೋಟೆ ತಳಕ್ಕೆ ಬಿತ್ತು.

ಕೆರೆತ ನಿಂತಿತು. ಬೀದಿಯ ಆಚೆಯಿಂದ ಅಕ್ಕನ ಕೂಗು ಕೇಳಿಸಿತು. ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಒಂದೇ ಹೆಸರು.