ಎರಡು ಬೆರಳಗಲದ ಬೋಳು ಜಾಗ

ಹೆರಳು ಅರ್ಧಕ್ಕೆ ಬಂದಿತ್ತು. ಏಳು ವರ್ಷದ ಯಶ್ಮಿತಾ ಅಡುಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕೂತಿದ್ದಳು. ಹಿಂದೆ ಕೂತ ಅಮ್ಮ ಇಂಪನಾ ಮೂರು ಎಳೆ ಹೆಣೆಯುತ್ತಿದ್ದಳು. ಕೊಬ್ಬರಿ ಎಣ್ಣೆಯ ವಾಸನೆಗೆ ಒಲೆಯ ಮೇಲಿನ ಒಗ್ಗರಣೆಯ ವಾಸನೆ ಸೇರಿಕೊಂಡಿತ್ತು. ಮಗುವಿನ ಬಾಯಿ ಮಾತ್ರ ನಿಂತಿರಲಿಲ್ಲ. ಶಾಲೆಯ ವ್ಯಾನಿನ ಡ್ರೈವರ್ ಮೀಸೆ ಬೋಳಿಸಿದ ಸುದ್ದಿ ಮುಗಿದು, ಪಕ್ಕದ ಟವರಿನ ಬೆಕ್ಕು ಮರಿ ಹಾಕಿದ ಸುದ್ದಿ ಶುರುವಾಗಿತ್ತು.

ಇಂಪನಾ ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸಿ, ಬೆರಳಿಗೆ ಸುತ್ತಿ, ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕಿದಳು. ಪಾತ್ರೆ ತೊಳೆಯುತ್ತಿದ್ದ ಕಲ್ಲವ್ವ ಅದನ್ನು ನೋಡಿ ನಲ್ಲಿ ನಿಲ್ಲಿಸಿದಳು. ವಿಜಯಪುರದ ಕಡೆಯವಳು, ಪುಣೆಗೆ ಬಂದು ಮೂವತ್ತು ವರ್ಷವಾಗಿತ್ತು.

"ಅಕ್ಕಾರ, ಉದುರಿದ ಕೂದಲಾ ಹಂಗ ಕೂಡಿಡಬಾರದ್ರಿ. ಮೂರು ಸಲ ಥೂ ಅಂದು ಒಗೀಬೇಕು. ಯಾರ ಕೈಯಾಗರ ಸಿಕ್ಕರ ಮಾಟಾ ಮಾಡ್ತಾರ."

"ಮಾಟ ಮಾಡೋರು ಬಂದ್ರೆ ಕೆಳಗೆ ಗೇಟಲ್ಲೇ ಓಟಿಪಿ ಕೇಳ್ತಾರೆ ಕಲ್ಲವ್ವ. ಹದಿನಾಲ್ಕನೇ ಮಹಡಿಗೆ ಬಿಡಲ್ಲ."

ಕಲ್ಲವ್ವ ನಗಲಿಲ್ಲ. ಮೈಸೂರಿನ ಅತ್ತೆ ರುಕ್ಮಿಣಮ್ಮ ಹೀಗೆಯೇ ವರ್ಷಗಟ್ಟಲೆ ಕೂಡಿಟ್ಟ ಕೂದಲಿನಿಂದ ಚೌರಿ ಕಟ್ಟಿಸಿಕೊಂಡವರು, ಮೊಮ್ಮಗಳದ್ದನ್ನೂ ಎಸೆಯಬೇಡ ಎಂದು ಡಬ್ಬಿ ಕೊಟ್ಟವರೂ ಅವರೇ, ಅವರಿಗೆ ಯಾವ ಮಾಟ ತಟ್ಟಿತು ಎಂದು ಇಂಪನಾ ಕೇಳಿದಳು. ಕಲ್ಲವ್ವ ಮತ್ತೆ ನಲ್ಲಿ ಬಿಟ್ಟಳು.

"ಅಮ್ಮಾ, ಒಂದು ಕೇಳ್ಲಾ?" ಯಶ್ಮಿತಾ ಕತ್ತು ತಿರುಗಿಸಿದಳು. "ನಿನ್ನೆ ಕತೆಯಲ್ಲಿ ಇತೊಕೊ..."

ಆಗ ಬಾಗಿಲ ಗಂಟೆ ಹೊಡೆಯಿತು.

ಬಂದವನು ತಳೇಗಾಂವದ ಕಾರ್ಖಾನೆಯ ಡ್ರೈವರ್. ಆ ಜಪಾನಿ ಕಾರ್ಖಾನೆಯಲ್ಲಿ ಇಂಪನಾ ದುಭಾಷಿ. ಪುಣೆಗೆ ಬಂದು ಎಂಟು ತಿಂಗಳಾಗಿತ್ತು. ಕಾರ್ಖಾನೆಯ ಹಿರಿಯ ಎಂಜಿನಿಯರ್ ಮೊರಿವಾಕಿ ಕಳಿಸಿದ ಮರದ ಪೆಟ್ಟಿಗೆಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮುಚ್ಚಳ ತೆಗೆದಾಗ ಹಳೆಯ ಎಣ್ಣೆಯ, ಒದ್ದೆ ಮರದ ವಾಸನೆ ಮನೆ ತುಂಬಿತು. ಒಳಗೆ ಕಪ್ಪು ವಿಗ್, ಎತ್ತಿ ಕಟ್ಟಿದ ತುರುಬು. ಹಿಂಭಾಗದಲ್ಲಿ, ಕತ್ತಿನ ಮೇಲೆ ಬರುವ ಕಡೆ, ಎರಡು ಬೆರಳಗಲ ಬೋಳು.

ಜೊತೆಗೊಂದು ಚೀಟಿ. ಈ ವಿಗ್ ಕುರೊಸೆ ಇತೊಕೊ ಅವರದು, ಅವರ ಸ್ವಂತ ಕೂದಲಿನಿಂದಲೇ ಮಾಡಿದ್ದು. ನನ್ನ ದೊಡ್ಡಮ್ಮ ಅವರಿಗೆ ರಂಗದ ಉಡುಪು ತೊಡಿಸುತ್ತಿದ್ದವಳು. ನಿಮ್ಮ ನಾಟಕದಲ್ಲಿ ಧರಿಸಿ, ಆದರೆ ಬೋಳು ಜಾಗವನ್ನು ತುಂಬಬೇಡಿ. ಅಲ್ಲಿ ಯಾರ ಕೂದಲು ಸೇರುತ್ತದೋ ಅವರ ದನಿ ಹೋಗುತ್ತದೆ.

ಇಂಪನಾ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಕರೆಂಟ್ ಬಿಲ್ಲಿನ ಪಕ್ಕದಲ್ಲಿ. ಅಷ್ಟರಲ್ಲಿ ವ್ಯಾನ್ ಬಂತು. ಯಶ್ಮಿತಾಳ ಪ್ರಶ್ನೆ ಹಾಗೇ ಉಳಿಯಿತು.

ಇತೊಕೊ ಮೀನು ಒಣಗಿಸುವವರ ಮಗಳು. ಹದಿನೈದಕ್ಕೆ ಊರೂರು ತಿರುಗುವ ನಾಟಕ ಕಂಪನಿ ಸೇರಿದಳು, ಇಪ್ಪತ್ತೆರಡಕ್ಕೆ ಸಿನಿಮಾ. ಕಪ್ಪು-ಬಿಳುಪಿನ ನಲವತ್ತೊಂದು ಚಿತ್ರಗಳು. ಅವಳು ಪಿಸುಗುಟ್ಟಿದರೂ ಕೊನೆಯ ಸಾಲಿನವರಿಗೆ ಕೇಳುತ್ತಿತ್ತಂತೆ. ಗಂಡ ಬೇಗ ತೀರಿಕೊಂಡ. ಇದ್ದವಳು ಒಬ್ಬಳೇ ಮಗಳು. ಮತ್ತೆ ರಂಗಕ್ಕೆ ಬಂದ ಇತೊಕೊ ಮೂವತ್ಮೂರನೇ ವಯಸ್ಸಿನಲ್ಲಿ ಕಂಪನಿಯ ಯಜಮಾನನ ಎದುರು ನಿಂತು, ನಾನು ಹೊರಡುತ್ತೇನೆ, ನನ್ನದೇ ಕಂಪನಿ ಕಟ್ಟುತ್ತೇನೆ ಎಂದಳು. ಅವನು ನಕ್ಕು ಹರಸಿದ. ಅದೇ ವಾರ ರಂಗದ ಮೇಲೆ ಒಂದು ವಾಕ್ಯದ ನಡುವೆ ಅವಳ ದನಿ ನಿಂತಿತು. ಮತ್ತೆ ಬರಲಿಲ್ಲ. ಆದರೂ ಅವಳು ರಂಗ ಬಿಡಲಿಲ್ಲ. ತನ್ನದೇ ಕಂಪನಿ ಕಟ್ಟಿ, ಮಾತಿಲ್ಲದ ಪಾತ್ರಗಳನ್ನೇ ಮಾಡುತ್ತ ಇಪ್ಪತ್ತಾರು ವರ್ಷ ಆಡಿದಳು. ಜನ ಅವಳ ಮೌನ ನೋಡಲು ಟಿಕೆಟ್ ಕೊಂಡರು.

ಈ ಬದುಕನ್ನು ಇಂಪನಾ ಏಕವ್ಯಕ್ತಿ ನಾಟಕವಾಗಿ ಬರೆದಿದ್ದಳು. ಬರೆದದ್ದನ್ನು ದಿನವೂ ಊಟದ ಹೊತ್ತಿಗೆ ಮಗಳಿಗೆ ಕತೆಯಾಗಿ ಹೇಳುತ್ತಿದ್ದಳು. ಆಡಿಸುವವರು ಸುಬ್ಬಯ್ಯ, ಕಾತ್ರಜದಲ್ಲಿ ಹೋಟೆಲು, ಕನ್ನಡ ಸಂಘದಲ್ಲಿ ನಾಟಕ. ಇತೊಕೊಳ ದನಿ ಹೋದದ್ದು ಬೊಂಬೆಗೆ ಮೊಳೆ ಹೊಡೆದು ಮಾಡಿದ ಮಾಟದಿಂದ ಎಂದು ಮೊರಿವಾಕಿ ಮೊದಲೇ ಹೇಳಿದ್ದರು. ಇಂಪನಾ ಅದನ್ನು ಬಿಟ್ಟು ಕಾಯಿಲೆ ಎಂದು ಬರೆದಳು. ಅಷ್ಟು ದೊಡ್ಡ ಹೆಂಗಸಿನ ಕತೆಯನ್ನು ಬೊಂಬೆ-ಮೊಳೆಗೆ ಇಳಿಸುವುದು ಅವಳಿಗೆ ಅವಮಾನವೆನಿಸಿತ್ತು.

ಮೊದಲ ತಾಲೀಮಿನ ದಿನ ಬೋಳು ಜಾಗ ಬೆಳಕಿಗೆ ಎದ್ದು ಕಂಡಿತು. ಇಂಪನಾಳದು ಕತ್ತರಿಸಿ ಬಣ್ಣ ಹಾಕಿಸಿದ ಕೂದಲು, ಹೊಂದುತ್ತಿರಲಿಲ್ಲ. ಅವಳಿಗೆ ಡಬ್ಬಿ ನೆನಪಾಯಿತು. ಕಪ್ಪು, ಉದ್ದ, ನುಣುಪು. ಒಂದು ಭಾನುವಾರ ಮಧ್ಯಾಹ್ನ ಸೂಜಿ ಹಿಡಿದು ಕೂತು, ಎಳೆ ಎಳೆಯಾಗಿ ಮಗಳ ಕೂದಲನ್ನು ಅಲ್ಲಿ ಹೊಲಿದಳು. ಹೊಲಿಯುವಾಗ ಚೀಟಿ ನೆನಪಾಗಿ ನಗುವೂ ಬಂತು.

ಆ ಸಂಜೆ ವಿಗ್ ಧರಿಸಿ ಕನ್ನಡಿಯ ಮುಂದೆ ಮೊದಲ ಮಾತು ಹೇಳಿದಳು: "ನಾನು ಕುರೊಸೆ ಇತೊಕೊ."

ಟಕ್.

ಗೋಡೆಯೊಳಗೆ ಯಾರೋ ಮೊಳೆ ಹೊಡೆದ ಹಾಗೆ. ಮೇಲಿನ ಮನೆಯವರು ಫೋಟೋ ಹಾಕುತ್ತಿರಬೇಕು ಎಂದುಕೊಂಡಳು. ಪಕ್ಕದ ಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದ ಯಶ್ಮಿತಾ ಕೆಮ್ಮಿದಳು. ಮರುದಿನ ಬೆಳಿಗ್ಗೆ ಅವಳ ಗಂಟಲು ಕಟ್ಟಿತ್ತು. ಇಂಪನಾ ಅರಿಶಿನದ ಹಾಲು ಕುಡಿಸಿದಳು.

ಎರಡನೆಯ ತಾಲೀಮಿನಲ್ಲಿ ಮತ್ತೆ ಟಕ್. ಈ ಸಲ ಸದ್ದು ಸಂಘದ ಕಟ್ಟಡದಲ್ಲಿ, ಅವಳ ಬೆನ್ನ ಹಿಂದೆಯೇ. ಒದ್ದೆ ಮರದ ವಾಸನೆ, ತುಕ್ಕಿನ ವಾಸನೆ. ಮನೆಗೆ ಬಂದರೆ ಮಗುವಿನ ಮಾತು ಪಿಸುಮಾತಾಗಿತ್ತು. ಮೂರನೆಯ ದಿನ ಯಶ್ಮಿತಾ ಓಡಿಬಂದು ಅಮ್ಮನ ಸೊಂಟ ಹಿಡಿದು ಬಾಯಿ ತೆರೆದಳು. ತುಟಿ ಆಡಿತು. ಗಾಳಿಯೂ ಬರಲಿಲ್ಲ. ಗಂಟಲ ಗುಳಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ.

ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ, ಶಾಲೆಯಲ್ಲಿ ಯಾರಾದರೂ ಹೆದರಿಸಿದರಾ ಕೇಳಿ ಎಂದರು. ಗಂಡ ಶ್ರೀನಾಥ್ ಸ್ಲೇಟು ತಂದುಕೊಟ್ಟ. ಮಗು ಹಾಲು ಬೇಕು, ನೀರು ಬೇಕು ಎಂದು ಬರೆಯಿತು. ಅವತ್ತು ಬೆಳಿಗ್ಗೆ ಏನೋ ಕೇಳಬೇಕು ಅಂದಿದ್ದೆಯಲ್ಲ, ಬರೆ ಎಂದು ಇಂಪನಾ ಹೇಳಿದಾಗ ತಲೆಯಾಡಿಸಿ, ಬಾಯಿ ಮುಟ್ಟಿ ತೋರಿಸಿತು. ಬಾಯಲ್ಲೇ ಕೇಳುತ್ತೇನೆ.

ಇಂಪನಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಕತ್ತರಿ ತೆಗೆದುಕೊಂಡಳು. ಹೊಲಿದ ಕೂದಲನ್ನು ಬಿಚ್ಚಿದಳು. ಮಗುವಿಗೆ ದನಿ ಬರಲಿಲ್ಲ. ಎರಡು ಎಳೆ ಸುಟ್ಟಳು. ಸುಟ್ಟ ವಾಸನೆಗೆ ಮಗು ಗಂಟಲು ಹಿಡಿದುಕೊಂಡಿತು. ಉಳಿದದ್ದನ್ನು ಸುಡುವ ಧೈರ್ಯ ಬರಲಿಲ್ಲ.

ಮೊರಿವಾಕಿ ಬೈಯಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಲೆ ತಗ್ಗಿಸಿ ಕೂತು ದೊಡ್ಡಮ್ಮ ಹೇಳಿದ್ದನ್ನು ಹೇಳಿದರು. ಯಜಮಾನ ಇತೊಕೊಳ ವಿಗ್ಗಿನಿಂದ ಎರಡು ಬೆರಳಗಲ ಕೂದಲು ಕಿತ್ತು, ಹುಲ್ಲಿನ ಬೊಂಬೆಗೆ ಸುತ್ತಿ, ಗುಡಿಯ ಹಿಂದಿನ ಮರಕ್ಕಿಟ್ಟು ಅದರ ಗಂಟಲಿಗೆ ಮೊಳೆ ಹೊಡೆದ. ಆ ಮಾಟಕ್ಕೆ ಒಂದೇ ಕಟ್ಟಳೆ: ಯಾರೂ ನೋಡಬಾರದು. ಹೊಡೆಯುವಾಗ ಒಬ್ಬರು ಕಂಡರೂ ಬೊಂಬೆಯಲ್ಲಿ ಯಾರ ಕೂದಲಿದೆಯೋ ಅವರು ಪಾರು, ಹೊಡೆದವನಿಗೇ ಅದು ತಿರುಗುತ್ತದೆ. ಹೊಡೆಯುವಾಗ ಅವನನ್ನು ಯಾರೂ ನೋಡಲಿಲ್ಲ, ದೊಡ್ಡಮ್ಮನಿಗೆ ಮರದಲ್ಲಿ ಬೊಂಬೆ ಕಂಡದ್ದು ಆಮೇಲೆ. ಎಂಬತ್ತಾರು ವರ್ಷ ಬದುಕಿ, ಹೂವಿನ ರಾಶಿಯಲ್ಲಿ ಹೋದ.

ಅಂದು ಇಂಪನಾ ಮನೆಗೆ ಬಂದು ನಾಟಕದ ಪ್ರತಿ ತೆಗೆದಳು. ಕಾಯಿಲೆ ಎಂದಿದ್ದ ಪುಟವನ್ನು ಹರಿದಳು. ಶ್ರೀನಾಥ್ ನಾಟಕವನ್ನೇ ಬಿಟ್ಟುಬಿಡು ಎಂದ. ಬಿಟ್ಟರೆ ಮಗು ಹೀಗೇ ಇರುತ್ತದೆ ಎಂದಳು.

"ಅವನು ಕತ್ತಲಲ್ಲಿ ಮಾಡಿದ್ದನ್ನ ನಾನು ಬೆಳಕಲ್ಲಿ ಮಾಡ್ತೀನಿ ಶ್ರೀ. ಮುನ್ನೂರು ಜನ ನೋಡಲಿ."

ಕಲ್ಲವ್ವ ನೆಲ ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲೇ ಹಿಡಿದು ಎದ್ದಳು. "ಅಕ್ಕಾರ, ನೀವು ಆ ಗಂಡಸಿನ ವೇಷಾ ಹಾಕಿದ್ರೂ, ಮಂದಿ ಕಣ್ಣಿಗೆ ಕಾಣೋದು ನೀವ. ಸುತ್ತಿಗಿ ನಿಮ್ಮ ಕೈಯಾಗ ಇರತದ. ತಿರಗಿದ್ರ ನಿಮಗ ತಿರಗತದ."

"ಗೊತ್ತು ಕಲ್ಲವ್ವ."

"ನಿಮ್ಮ ಕೆಲಸಾನ ಮಾತಿಂದು."

"ಗೊತ್ತು."

ಕಲ್ಲವ್ವ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಆಮೇಲೆ, ಮುಂದಿನ ಸಾಲಿನಾಗ ನನಗೊಂದು ಕುರ್ಚಿ ಇಡಸ್ರಿ ಎಂದು ಮತ್ತೆ ಕೂತು ನೆಲ ಒರೆಸತೊಡಗಿದಳು.

ಹುಲ್ಲು ಸಿಕ್ಕಿದ್ದು ಆಪೂಸ್ ಮಾವಿನಹಣ್ಣಿನ ಪೆಟ್ಟಿಗೆಯಲ್ಲಿ. ಇಂಪನಾ ಬೊಂಬೆ ಕಟ್ಟಿದಳು. ಮಗಳ ಕೂದಲನ್ನು ಅದರ ಕತ್ತಿಗೆ ಸುತ್ತಿದಳು. ಕಟ್ಟಳೆ ಸುಳ್ಳಾಗಿದ್ದರೆ? ಮೊಳೆ ಇಳಿಯುವುದು ಈ ಕೂದಲಿನ ಮೇಲೆ, ತನ್ನ ಕೈಯಿಂದಲೇ. ಗಂಟು ಹಾಕಿದಳು. ಬಿಗಿದಳು.

ನಾಟಕ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಮೊಳೆಯ ದೃಶ್ಯದಲ್ಲಿ ಸಭಾಂಗಣದ ಎಲ್ಲ ದೀಪ ಹತ್ತಬೇಕು ಎಂದಾಗ ಸುಬ್ಬಯ್ಯ ತಲೆ ಕೆರೆದುಕೊಂಡರು. "ಮಾಟದ ಸೀನಿಗೆ ಟ್ಯೂಬ್‌ಲೈಟ್ ಹಾಕುವುದಾ ಮಾರಾಯ್ತಿ? ಜನ ಕಾಫಿ ಬಿಡುವು ಅಂತ ಎದ್ದು ಹೋಗ್ತಾರೆ." ಅವಳ ಮುಖ ನೋಡಿ ದೀಪದ ಪಟ್ಟಿಯಲ್ಲಿ ಬರೆದುಕೊಂಡರು.

ಮೊದಲ ಗಂಟೆ ಸರಾಗವಾಗಿ ಹೋಯಿತು. ಮೀನಿನ ವಾಸನೆಯ ಹುಡುಗಿ, ಸಿನಿಮಾದ ಮೊದಲ ದಿನ, ನಲವತ್ತೊಂದು ಚಿತ್ರ. ಯಶ್ಮಿತಾ ಮುಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲಿದ್ದಳು, ಪಕ್ಕದಲ್ಲಿ ಹೊಸ ಸೀರೆಯ ಕಲ್ಲವ್ವ, ಆಚೆಗೆ ಮೊರಿವಾಕಿ. ಇತೊಕೊ ಯಜಮಾನನ ಎದುರು ನಿಂತು, "ಹೊರಡುತ್ತೇನೆ" ಎಂದಳು.

ಇಂಪನಾ ವಿಗ್ ತೆಗೆದು ಕೆಳಗಿಟ್ಟಳು. ಯಜಮಾನನ ಕಪ್ಪು ಅಂಗಿ ಹೊದ್ದಳು. ದೀಪಗಳು ಹತ್ತಿದವು. ಎಲ್ಲ ಮುಖಗಳು ಕಂಡವು.

ಮರದ ಕಂಬ. ಬೊಂಬೆ. ಎಡಗೈಯಲ್ಲಿ ಮೊಳೆ. ಬಲಗೈಯಲ್ಲಿ ಸುತ್ತಿಗೆ.

ಒದ್ದೆ ಮರದ ವಾಸನೆ ಎದ್ದಿತು. ಎಲ್ಲಿಂದಲೋ ತಣ್ಣಗಿನ ಗಾಳಿ. ಒಂದು ಟ್ಯೂಬ್‌ಲೈಟ್ ಮಿನುಗಿ ಆರಿತು. ಮತ್ತೊಂದು ಆರಿತು. ಕತ್ತಲೆ ಹಿಂದಿನ ಸಾಲಿನಿಂದ ಮುಂದಕ್ಕೆ ಬರುತ್ತಿತ್ತು. ಯಾರೂ ನೋಡದಂತೆ. ಅವನಿಗೆ ಬೇಕಾದಂತೆ. ಜನ ಇದೂ ನಾಟಕವೆಂದುಕೊಂಡು ಉಸಿರು ಹಿಡಿದರು. ಮಗು ಗಂಟಲಿಗೆ ಕೈ ಹಾಕಿತು.

"ಫೋನ್ ತೆಗೀರಿ!" ಇಂಪನಾ ಕೂಗಿದಳು. "ಎಲ್ಲರೂ ಫೋನಿನ ಬೆಳಕು ಹಾಕ್ರಿ. ನನ್ನ ಕೈ ನೋಡ್ರಿ!"

ಒಂದು ಬೆಳಕು. ಹತ್ತು. ನೂರು.

ಅವಳು ಹೊಡೆದಳು. ಟಕ್. ಮತ್ತೆ ಹೊಡೆದಳು. ಟಕ್. ಸುತ್ತಿಗೆ ಮಣ ಭಾರವಾಯಿತು. ಯಾರೋ ಮಣಿಕಟ್ಟು ಹಿಡಿದಂತೆ, ತಣ್ಣನೆಯ ಮುದಿ ಬೆರಳು. ಅವಳು ಬಿಡಲಿಲ್ಲ. ಟಕ್. ಮೊಳೆ ತಲೆಯವರೆಗೆ ಇಳಿಯಿತು.

ಅವಳು ಜನರ ಕಡೆ ತಿರುಗಿದಳು. "ನೋಡಿದಿರಾ?"

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಂದೆ ಸರಿಯಿತು.

"ನೋಡಿದ್ನೆವ್ವಾ," ಕಲ್ಲವ್ವ ಎದ್ದು ನಿಂತಳು. ಅವಳ ದನಿ ಒಡೆದಿತ್ತು. "ನಾ ನೋಡಿದ್ನಿ." ಮೊರಿವಾಕಿ ಎದ್ದರು. ಹಿಂದಿನಿಂದ ಯಾರೋ ನೋಡಿದ್ವಿ ಎಂದರು. ಸಾಲು ಸಾಲಾಗಿ ಎಲ್ಲರೂ.

ಗಂಟಲೊಳಗೆ ಏನೋ ತಣ್ಣಗೆ ಇಳಿಯಿತು. ಇಂಪನಾ ಮುಂದಿನ ಮಾತಿಗೆ ಬಾಯಿ ತೆರೆದಳು. ಏನೂ ಬರಲಿಲ್ಲ. ಬಾಯಿ ಮುಚ್ಚಿದಳು. ಬಗ್ಗಿ ವಿಗ್ ಎತ್ತಿ, ಬೋಳು ಜಾಗವನ್ನು ಜನರಿಗೆ ಕಾಣುವಂತೆ ತಿರುಗಿಸಿ, ತಲೆಗಿಟ್ಟುಕೊಂಡಳು. ಇತೊಕೊಳ ಕೊನೆಯ ಇಪ್ಪತ್ತಾರು ವರ್ಷಗಳನ್ನು ಒಂದೂ ಮಾತಿಲ್ಲದೆ ಆಡಿದಳು. ಬರೆದ ಸಾಲುಗಳೆಲ್ಲ ಅವಳ ಬೆನ್ನಿನಲ್ಲಿ, ಬೆರಳುಗಳಲ್ಲಿ, ಕಣ್ಣಿನಲ್ಲಿ ಇದ್ದವು. ಕೊನೆಗೆ ತಲೆಯೆತ್ತಿ ನಿಂತಳು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಗ್ರೀನ್ ರೂಮಿನಲ್ಲಿ ಅವಳು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಿಳಿ ಬಣ್ಣ ಒರೆಸುತ್ತಿದ್ದಳು. ಕನ್ನಡಿಯಲ್ಲಿ ತನ್ನ ಗಂಟಲ ಗುಳಿ ಕಂಡಿತು. ಅಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಅವಳು ಅದನ್ನು ಒಮ್ಮೆ ಮುಟ್ಟಿ ಮತ್ತೆ ಬಣ್ಣ ಒರೆಸತೊಡಗಿದಳು.

ಬಾಗಿಲು ತೆರೆಯಿತು. ಯಶ್ಮಿತಾ ಓಡಿಬಂದು ಅಮ್ಮನ ಸೊಂಟ ಹಿಡಿದಳು. ಅವಳ ಗಂಟಲು ನುಣ್ಣಗಿತ್ತು. ಹೆರಳು ಬಿಚ್ಚಿಹೋಗಿತ್ತು. ಇಂಪನಾ ಅವಳನ್ನು ತಿರುಗಿಸಿ ಕೂರಿಸಿಕೊಂಡು, ಎಣ್ಣೆಗೈಯಲ್ಲೇ ಮೂರು ಎಳೆ ಬೇರೆ ಮಾಡಿದಳು.

"ಅಮ್ಮಾ," ಎಂದಿತು ಮಗು. ದನಿ ತುಕ್ಕು ಹಿಡಿದ ಕೀಲಿನಂತಿತ್ತು, ಆದರೆ ಅವಳದೇ. "ಅವತ್ತು ಕೇಳ್ಬೇಕು ಅಂದ್ಕೊಂಡಿದ್ದೆ. ಇತೊಕೊ ದನಿ ಹೋದ್ಮೇಲೆ, ಅವಳ ಮಗಳಿಗೆ ಕತೆ ಯಾರು ಹೇಳ್ತಿದ್ರು?"